ಹಾವು ಬಿಟ್ಟ ಪಕಾರ, ಕಣ್ಣು ಹಿಡಿದ ಪೊರೆ

ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಆಗಾಗ ಕೂರಬೇಕಾದ ವಯಸ್ಸು ನನಗೆ ಬಂದು ಕೆಲವು ವರ್ಷಗಳಾದವು. ಕಣ್ಣಿಗೆ ಹನಿ ಬಿಟ್ಟು "ಮುಚ್ಚಿಕೊಂಡು ಕೂತಿರಿ, ಕರೀತೀವಿ" ಎಂದು ಹೇಳಿ ಹೋಗುತ್ತಾರೆ. ಕಣ್ಣು ಮುಚ್ಚಿದವನಿಗೆ ಉಳಿಯುವುದು ಕಿವಿಯೊಂದೇ. ಹೋದ ವರ್ಷ ಹೀಗೆ ಕೂತಿದ್ದಾಗ ಪಕ್ಕದ ಕೋಣೆಯ ಅರೆ ತೆರೆದ ಬಾಗಿಲಿನಿಂದ ಒಂದು ಮುದಿದನಿ ಕೇಳಿಬಂತು: "ಅಲ್ಲಾ ಡಾಕ್ಟ್ರಮ್ಮ, ನಂಗೇ ಇನ್ನೂ ಪೊರೆ ಬಂದಿಲ್ಲ. ಇಪ್ಪತ್ತು ದಿನದ ಕೂಸಿಗೆ ಎಲ್ಲಿಂದ ಬಂತು?" ವೈದ್ಯೆ ಮೆಲ್ಲಗೆ ಏನೋ ಹೇಳಿದರು. ಮುದಿದನಿ ಬಿಡಲಿಲ್ಲ. "ಹೋಗ್ಲಿ, ಒಂದು ಕಣ್ಣು ನೆಟ್ಟಗದೆಯಲ್ಲ. ಇದು ಬಲೀಲಿ ಬಿಡಿ, ಬಲಿತ ಮೇಲೆ ತೆಗೆದ್ರಾಯ್ತು. ನಮ್ಮ ಯಜಮಾನ್ರಿಗೂ ಹಂಗೇ ಹೇಳಿದ್ರು." ಈಗ ವೈದ್ಯೆಯ ದನಿ ಸ್ವಲ್ಪ ಏರಿತು: "ಅಜ್ಜಿ, ಅವರ ಪೊರೆ ಬೇರೆ, ಇದು ಬೇರೆ. ಇದು ಬಲಿಯೋ ತನಕ ಕಾದ್ರೆ ಪೊರೆ ಕೈಗೆ ಸಿಗುತ್ತೆ, ಕಣ್ಣು ಸಿಗಲ್ಲ."

ಹನಿ ಬಿಟ್ಟ ಕಣ್ಣು ಆ ದಿನವೆಲ್ಲ ಮಂಜುಮಂಜು. ಮನೆಗೆ ಬಂದವನೇ ಕಪಾಟಿನಿಂದ ಕಿಟೆಲ್ಲರ ನಿಘಂಟನ್ನು ಇಳಿಸಿಕೊಂಡೆನಾದರೂ ಅಕ್ಷರಗಳು ಇರುವೆ ಸಾಲಿನಂತೆ ಹರಿದುಹೋಗಿ ಒಂದೂ ಕಣ್ಣಿಗೆ ನಿಲ್ಲಲಿಲ್ಲ. ಮಾರನೆಯ ಬೆಳಗ್ಗೆಯವರೆಗೆ ಆ ಮಾತು ಬಾಯಲ್ಲೇ ಉಳಿಯಿತು: ಪೊರೆ, ಪೊರೆ, ಪೊರೆ.

ಒಂದು ಮಾತು ಸಿಕ್ಕಿತೆಂದರೆ ಅದರ ಅಜ್ಜ ಮುತ್ತಜ್ಜಂದಿರ ಊರು ಕೇರಿ ವಿಚಾರಿಸದೆ ಬಿಡದ ನಮ್ಮಂಥವರಿಗೆ ಇದೊಂದು ಹಬ್ಬವೇ ಸರಿ. ಏಕೆಂದರೆ ಇಲ್ಲಿ ಮೂರು ಮಾತುಗಳು ಒಂದೇ ಅಂಗಿ ತೊಟ್ಟು ನಿಂತಿವೆ. ಮೊದಲನೆಯದು ಹಳಗನ್ನಡದಲ್ಲಿ ಶಕಟರೇಫೆಯಿಂದ ಬರೆಯುತ್ತಿದ್ದ ಪೊಱೆ, ಎಂದರೆ ಭಾರ. ಪೊಱು ಎಂಬ ಧಾತುವಿನ ಮಗು. ಱಕಾರ ಕಳೆದು, ಪಕಾರ ಹಕಾರವಾಗಿ ಇಂದಿನ ಹೊರೆ ಆಗಿದೆ, ಹುಲ್ಲಿನ ಹೊರೆ, ಸೌದೆಯ ಹೊರೆ, ತಲೆಹೊರೆ, ತೆರಿಗೆಯ ಹೊರೆ. ಎರಡನೆಯದು ಸಾಮಾನ್ಯ ರೇಫದ ಪೊರೆ, ಕ್ರಿಯಾಪದ, ಕಾಪಾಡು, ಸಾಕು, ಸಲಹು ಎಂಬ ಅರ್ಥದ್ದು. ತಮಿಳಿನ 'ಪುರ'ದ ಒಡಹುಟ್ಟು. ಇದರ ಬಾಳು ಎರಡು ಕವಲಾಗಿ ಒಡೆಯಿತು. ದೇವರ ಮುಂದೆ ನಿಂತಾಗ ಪಕಾರವನ್ನು ಬಿಡಲಿಲ್ಲ, ದಾಸರ ಪದಗಳಲ್ಲಿ, ಮಂಗಳಾರತಿ ಹಾಡುಗಳಲ್ಲಿ ಇವತ್ತಿಗೂ ಪೊರೆಯೋ, ಪೊರೆಯಮ್ಮ; ಅಡುಗೆಮನೆಗೆ ಬಂದಾಗ ಮಾತ್ರ ಹಕಾರ ತೊಟ್ಟಿತು, ಹೊಟ್ಟೆ ಹೊರೆಯುವುದು, ಹೊಟ್ಟೆ ಹೊರೆದುಕೊಳ್ಳುವುದು. ಹೊಟ್ಟೆಯನ್ನು ಹೊತ್ತುಕೊಂಡು ತಿರುಗುವುದೆಂದು ಇದಕ್ಕೆ ಅರ್ಥ ಹೇಳುವವರನ್ನು ನಾನು ಕೇಳಿದ್ದೇನೆ. ಹೊಟ್ಟೆ ಒಂದು ಹೊರೆ ಎಂಬುದು ಸುಳ್ಳಲ್ಲವಾದ್ದರಿಂದ ಅವರೊಡನೆ ಜಗಳಕ್ಕೆ ಹೋಗಿಲ್ಲ. ಹಳಗನ್ನಡದ ಕಾವ್ಯಗಳಲ್ಲಿ ಪೊರೆಯೇರು ಎಂಬ ಸೊಗಸಾದ ಮಾತೊಂದುಂಟು, ಉಬ್ಬು, ಹಿಗ್ಗು, ತುಂಬಿಕೊಂಡು ಬೆಳೆ ಎಂಬ ಅರ್ಥದಲ್ಲಿ. ಅದನ್ನು ನಾವು ಎಲ್ಲಿ ಕಳೆದುಕೊಂಡೆವೋ.

ಮೂರನೆಯದೇ ನಮ್ಮ ಅಜ್ಜಿಯ ಪೊರೆ. ನಾಮಪದ. ತೆಳ್ಳಗಿನ ಪದರ, ಮೇಲುಹೊದಿಕೆ, ಸುಲಿದರೆ ಬರುವ ಹಾಳೆ. ತಮಿಳರು ಕಣ್‌ಪುರೈ ಎನ್ನುವಾಗಿನ ಪುರೈ, ತೆಲುಗರು ಕಂಟಿಪೊರ ಎನ್ನುವಾಗಿನ ಪೊರ, ಇವುಗಳ ಪಕ್ಕದಲ್ಲಿ ಇದನ್ನು ಕೂರಿಸಿದರೆ ಮುಖಚಹರೆಯೇ ಒಂದು ಮನೆಯವರೆಂದು ಹೇಳುತ್ತದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಪರೆ ಎಂಬ ರೂಪವೂ ಉಂಟು. ಆದರೆ ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಪಾಲ್ ಹಾಲಾಯಿತು, ಪೂ ಹೂವಾಯಿತು, ಪಲ್ ಹಲ್ಲಾಯಿತು, ಪೊಱೆ ಹೊರೆಯಾಯಿತು. ಕೇಶಿರಾಜನ ಹದಿಮೂರನೆಯ ಶತಮಾನದಲ್ಲಿ ಪಕಾರ ಹಕಾರಗಳು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದವು, ಆಮೇಲೆ ಹಕಾರವೇ ಎಲೆಯೆಲ್ಲ ತನ್ನದು ಮಾಡಿಕೊಂಡಿತು. ಈ ಪೊರೆ ಮಾತ್ರ ಎದ್ದು ಹೋಗಲಿಲ್ಲ. ಪೊದೆ, ಪೊರಕೆ, ಪೊಟರೆ ಎಂಬ ಹಟಮಾರಿಗಳ ಜೊತೆಗೆ ಅದೂ ಕೂತೇ ಇತ್ತು. ಪಾವು ಹಾವಾಯಿತು, ತನ್ನ ಪಕಾರವನ್ನು ಕಳಚಿಹಾಕಿತು. ಆದರೆ ಹಾವು ಕಳಚಿಹಾಕಿದ ಪೊರೆಯಲ್ಲಿ ಆ ಪಕಾರ ಇವತ್ತಿಗೂ ಇದೆ! ಹಾವಿನ ಪೊರೆ ಎಂದು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ, ಭಾಷಾಚರಿತ್ರೆಯ ಎರಡು ಯುಗಗಳು ಒಂದು ಷಷ್ಠೀ ವಿಭಕ್ತಿಯ ಅಕ್ಕಪಕ್ಕ ಕೂತಿರುವುದು ಕೇಳಿಸುತ್ತದೆ. ಭಾರದ ಹೊರೆಯೊಡನೆ ಗೊಂದಲವಾಗಬಾರದೆಂದು ಜನ ತಮಗೇ ತಿಳಿಯದೆ ಪಕಾರವನ್ನು ಕಾಪಾಡಿಕೊಂಡರೆಂಬುದು ನನ್ನ ಊಹೆ. ನೆರೆಯ ತೆಲುಗಿನ ಪೊರವೂ ಒಂದು ಕೈ ಹಾಕಿರಬಹುದು.

ಹಾವಿನಿಂದ ಕಣ್ಣಿಗೆ ಬರುವುದು ದೂರದ ದಾರಿಯಲ್ಲ. ಪೊರೆ ಬಿಡುವ ಮುನ್ನ ಕೆಲವು ದಿನ ಹಾವಿನ ಕಣ್ಣು ಹಾಲು ಬೆರೆಸಿದ ನೀಲಿಯಾಗುತ್ತದೆ. ಹಾವಿಗೆ ನಮ್ಮ ಹಾಗೆ ರೆಪ್ಪೆಯಿಲ್ಲ; ಕಣ್ಣಿನ ಮೇಲೆ ಗಾಜಿನಂಥ ಒಂದು ಹುರುಪೆಯಿದೆ, ಮೈಯ ಪೊರೆಯೊಡನೆ ಅದೂ ಸಡಿಲಗೊಂಡು ಮಬ್ಬಾಗಿ, ಕಡೆಗೆ ಮೈಚರ್ಮದ ಜೊತೆಯಲ್ಲೇ ಕಳಚಿ ಬರುತ್ತದೆ. ಬೇಲಿಸಂದಿಯಲ್ಲೋ ಕಲ್ಲುಗುಡ್ಡೆಯ ಮೇಲೋ ಸಿಕ್ಕ ಹರಿಯದ ಪೊರೆಯನ್ನು ಅಂಗೈ ಮೇಲೆ ಬಿಡಿಸಿಟ್ಟು ತಲೆಯ ಭಾಗ ನೋಡಿದವರಿಗೆ ಗೊತ್ತು, ಕಣ್ಣಿದ್ದ ಎರಡು ಜಾಗದಲ್ಲಿ ತೂತಿಲ್ಲ, ಗಡಿಯಾರದ ಗಾಜಿನಂಥ ಎರಡು ಪುಟ್ಟ ಗುಳ್ಳೆಗಳಿವೆ. ಪೊರೆ ಬಂದ ಹಾವಿಗೆ ಕಣ್ಣು ಕಾಣಿಸುವುದಿಲ್ಲ, ಅದರ ತಂಟೆಗೆ ಹೋಗಬೇಡ ಎಂದು ನಮ್ಮ ಹಳ್ಳಿಯ ಹಿರಿಯರು ಹೇಳುತ್ತಿದ್ದುದಕ್ಕೆ ಇದೇ ಕಾರಣ. ಮುದುಕನ ಕಣ್ಣು ಹಾಗೇ ಹಾಲುಗಟ್ಟಿದ್ದನ್ನು ಕಂಡವರು ಹಾವಿನ ಮಾತನ್ನೇ ಅವನಿಗೆ ದಾನ ಮಾಡಿದರೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಎರಡೂ ಕಡೆ ಕ್ರಿಯಾಪದವೂ ಒಂದೇ, ಪೊರೆ ಬರುತ್ತದೆ. ಹಾವು ತಾನೇ ಬಿಡುತ್ತದೆ, ಮನುಷ್ಯ ತೆಗೆಸಿಕೊಳ್ಳುತ್ತಾನೆ. ಅಷ್ಟೇ ಭೇದ.

ಈ ಹೋಲಿಕೆಯ ಚೆಲುವೇ ಅದರ ಕೇಡೂ ಹೌದು. ಕಣ್ಣಿನ ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆದ ಪದರ, ಚಿಮಟದಲ್ಲಿ ಹಿಡಿದು ಸುಲಿದರೆ ಬಂದುಬಿಡುತ್ತದೆಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಕೂತಿದೆ. ನಿಜಕ್ಕೆ ಅಲ್ಲಿ ಯಾವ ಪದರವೂ ಬೆಳೆದಿರುವುದಿಲ್ಲ. ಪಾಪೆಯ ಹಿಂದೆ ಇರುವ ಮಸೂರವೇ ತನ್ನ ತಿಳಿಯನ್ನು ಕಳೆದುಕೊಂಡು ಮಬ್ಬಾಗಿರುತ್ತದೆ. ಮೇಲುಗಡೆಯ ಕರಿಗುಡ್ಡೆಯ ಗಾಜು ಗಾಯವಾಗಿ ಬಿಳಿಯಾದರೆ ಅದಕ್ಕೆ ನಮ್ಮಲ್ಲಿ ಬೇರೆಯೇ ಮಾತಿದೆ, ಕಣ್ಣಿಗೆ ಹೂ ಬಿದ್ದಿದೆ ಎನ್ನುತ್ತೇವೆ, ಹೂಗಣ್ಣು ಎನ್ನುತ್ತೇವೆ. (ಕಣ್ಣು ಹಾಳುಮಾಡುವ ಕಲೆಯನ್ನು ಹೂ ಎಂದು ಕರೆದ ಪುಣ್ಯಾತ್ಮ ಯಾರೋ, ಅವನ ದಾಕ್ಷಿಣ್ಯ ದೊಡ್ಡದು.) ಹೂ ಮೇಲಿನದು, ಪೊರೆ ಒಳಗಿನದು, ಹಳ್ಳಿಯ ಕಣ್ಣು ಈ ಭೇದವನ್ನು ಯಾವ ಉಪಕರಣವೂ ಇಲ್ಲದೆ ಗುರುತಿಸಿತ್ತು.

ಆದರೂ ಒಂದು ಬಗೆಯಲ್ಲಿ ಪೊರೆ ಎಂಬ ಹೆಸರು ತಪ್ಪಿ ಸರಿಯಾಗಿದೆ, ಅದೂ ಕೂಸಿನ ವಿಷಯದಲ್ಲೇ. ಮಸೂರ ಬೆಳೆಯುವುದು ಈರುಳ್ಳಿಯ ಹಾಗೆ, ಒಂದರ ಮೇಲೊಂದು ಪೊರೆ ಕೂತು. ಬಸಿರಿನಲ್ಲಿ ಮೊದಲು ಆದದ್ದು ನಡುವಿನ ತಿರುಳು. ಆಮೇಲಾದದ್ದು ಅದರ ಸುತ್ತ, ಹುಟ್ಟಿದ ಮೇಲಿನದು ಇನ್ನೂ ಹೊರಗೆ. ಒಮ್ಮೆ ಕೂತ ಪೊರೆ ಸಾಯುವವರೆಗೆ ಅಲ್ಲೇ. ಬಸಿರಿನ ಯಾವುದೋ ಒಂದು ಹೊತ್ತಿನಲ್ಲಿ ಏನೋ ಕೆಟ್ಟದ್ದಾದರೆ ಆ ಹೊತ್ತಿನಲ್ಲಿ ಕೂತ ಪೊರೆಯಷ್ಟೇ ಮಬ್ಬಾಗಿ, ಅದರ ಒಳಗೂ ಹೊರಗೂ ತಿಳಿಯಾಗಿಯೇ ಉಳಿಯುವ ಒಂದು ಬಗೆ ಮಕ್ಕಳ ಕಣ್ಣಿನಲ್ಲಿ ಉಂಟು. ವೈದ್ಯರ ಲ್ಯಾಟಿನ್ನಿನಲ್ಲಿ ಅದಕ್ಕೆ ಲ್ಯಾಮೆಲ್ಲಾರ್ ಎಂಬ ಹೆಸರು, ಲ್ಯಾಮೆಲ್ಲಾ ಎಂದರೆ ತೆಳು ತಗಡು, ಹಾಳೆ. ಕನ್ನಡಕ್ಕೆ ತಂದರೆ ಪೊರೆಪೊರೆ ಎಂದಾದೀತು. ಹಾಗಾದರೆ ಅದು ಪೊರೆಯ ಪೊರೆ! ಮರದ ಬಳೆಗಳಲ್ಲಿ ಬರದ ವರ್ಷವನ್ನು ಎಣಿಸುವಂತೆ ಬಸಿರಿನ ಯಾವ ತಿಂಗಳಲ್ಲಿ ಪೆಟ್ಟು ಬಿತ್ತೆಂದು ಬಲ್ಲವರು ಅದನ್ನು ನೋಡಿ ಅಂದಾಜು ಮಾಡುತ್ತಾರೆ. ಇತ್ತೀಚೆಗೆ ಶಾಲಾಪುಸ್ತಕಗಳೂ ಈ ಮಾತನ್ನು ಹೊಸದಾಗಿ ಕೆಲಸಕ್ಕೆ ಹಚ್ಚಿವೆ, ಕೋಶಪೊರೆ, ಅರೆವ್ಯಾಪ್ಯ ಪೊರೆ. ಪಾರಿಭಾಷಿಕಗಳನ್ನು ಕಟ್ಟುವವರು ಸಂಸ್ಕೃತದ ಕಡೆಗೆ ಓಡದೆ ಹಾವಿನ ಬಳಿಗೆ ಬಂದ ಅಪರೂಪದ ಪ್ರಸಂಗವಿದು.

ಸಂಸ್ಕೃತದ ಕಡೆಗೆ ನಾವೂ ಒಂದು ಸುತ್ತು ಹೋಗಿಬರಬೇಕು, ಅಲ್ಲಿ ಉಗ್ರಾಣವೇ ಇದೆ. ಸುಶ್ರುತಸಂಹಿತೆಯ ಉತ್ತರತಂತ್ರ ಕಣ್ಣಿನ ಒಳಗೆ ಪಟಲಗಳನ್ನು ಎಣಿಸುತ್ತದೆ, ಪಟಲವೆಂದರೂ ಪೊರೆಯೇ. ದೋಷ ಒಂದೊಂದೇ ಪಟಲವನ್ನು ದಾಟುತ್ತ ಹೋದಂತೆ ರೋಗಕ್ಕೆ ತಿಮಿರ, ಕಾಚ, ಕಡೆಗೆ ಲಿಂಗನಾಶ ಎಂಬ ಹೆಸರುಗಳು ಬದಲಾಗುತ್ತವೆ. ಈ ಒಂದೊಂದು ಹೆಸರೂ ಆಮೇಲೆ ಬೇರೆಬೇರೆ ಊರಿಗೆ ಮದುವೆಯಾಗಿ ಹೋಗಿ ಬೇರೆಬೇರೆ ಬಾಳು ಬಾಳಿದೆ. ತಿಮಿರ ನಮ್ಮ ಕವಿಗಳ ಕೈಗೆ ಸಿಕ್ಕು ಬರಿಯ ಕತ್ತಲಾಯಿತು. ಮಲಯಾಳದಲ್ಲಿ ಮಾತ್ರ ಇಂದಿಗೂ ತಿಮಿರಂ ಎಂದರೆ ಆಸ್ಪತ್ರೆಗೆ ಹೋಗಬೇಕಾದ ಪೊರೆ. (ಬೆಂಗಳೂರಿನ ಹುಡುಗರು ಅವನಿಗೆ ತಿಮಿರು ಎನ್ನುವಾಗಿನ ತಿಮಿರು ಇದಲ್ಲ, ಅದು ದ್ರಾವಿಡದ್ದು, ಕೊಬ್ಬೂ ಒಂದು ಬಗೆಯ ಕುರುಡೆಂದು ಯಾರಾದರೂ ಎರಡನ್ನೂ ಗಂಟು ಹಾಕಿಯಾರೆಂದು ಮುಂಚಿತವಾಗಿಯೇ ಹೇಳಿಬಿಡುತ್ತೇನೆ.) ಕಾಚ, ಎಂದರೆ ಗಾಜು, ಮರಾಠಿಯಲ್ಲಿ ಕಾಚಬಿಂದು ಆಗಿ ಗ್ಲಾಕೋಮದ ಹೆಸರಾಯಿತು, ಪೊರೆಗೆ ಅಲ್ಲಿ ಮೋತಿಬಿಂದು, ಮುತ್ತಿನ ಹನಿ, ಅದೇ ಗಡಿ ದಾಟಿ ನಮ್ಮ ಬೆಳಗಾವಿ, ಕಲಬುರಗಿಯ ಕಡೆಯ ಬಾಯಿಗಳಲ್ಲೂ ಓಡಾಡುತ್ತದೆ. ಗ್ರೀಕರ ಗ್ಲಾಕೋಮ ಕೂಡ ಒಂದು ಕಾಲಕ್ಕೆ ಪೊರೆಗಟ್ಟಿದ ಕಣ್ಣಿಗೇ ಇದ್ದ ಮಾತು, ಆಮೇಲೆ ಜಾರಿ ಇನ್ನೊಂದು ರೋಗದ ಮೇಲೆ ಕೂತಿತು. ಎರಡು ದೂರದ ಭಾಷೆಗಳಲ್ಲಿ ಒಂದೇ ಜಾರುವಿಕೆ.

ದೃಷ್ಟಿಮಂಡಲದ ಗಾತ್ರವನ್ನು ಸುಶ್ರುತ ಮಸೂರದ ದಳಕ್ಕೆ ಹೋಲಿಸುತ್ತಾನೆ, ನಮ್ಮ ಅಡುಗೆಯ ಮಸೂರ ಬೇಳೆಗೆ. ಲ್ಯಾಟಿನ್ನಿನಲ್ಲಿ ಲೆನ್ಸ್ ಎಂದರೂ ಅದೇ ಬೇಳೆ. ಭೌತಶಾಸ್ತ್ರವನ್ನು ಕನ್ನಡಕ್ಕೆ ತಂದವರು ಲೆನ್ಸಿಗೆ ಮಸೂರ ಎಂದಾಗ ಅಲ್ಲಿನ ಬೇಳೆಗೆ ಇಲ್ಲಿನ ಬೇಳೆ ಅಳೆದುಕೊಟ್ಟರು. ಅದು ಇಲ್ಲಿಯ ಕಣ್ಣಿನಲ್ಲಿ ಮೊದಲೇ ಬೆಂದಿತ್ತು. ಇನ್ನು ಶಲಾಕೆ. ಜವೆಗೋಧಿಯ ಮೂತಿಯಂಥ ತುದಿಯ ಶಲಾಕೆಯಿಂದ ಕಣ್ಣಿನ ಬದಿಯಲ್ಲಿ ಚುಚ್ಚಿ ಮಬ್ಬನ್ನು ದಾರಿಯಿಂದ ಸರಿಸುವ ಶಸ್ತ್ರಕರ್ಮ ಸುಶ್ರುತನಲ್ಲಿದೆ. ಕತ್ತಿನಿಂದ ಮೇಲಿನ ರೋಗಗಳ ಆಯುರ್ವೇದದ ಇಡೀ ಅಂಗಕ್ಕೆ ಶಾಲಾಕ್ಯತಂತ್ರವೆಂದು ಹೆಸರು ಬಂದದ್ದು ಈ ಕಡ್ಡಿಯಿಂದಲೇ. ಬೆಳಗ್ಗೆ ಎದ್ದು ಗುರುಸ್ತೋತ್ರ ಹೇಳುವವರು ಅಜ್ಞಾನವನ್ನು ತಿಮಿರಕ್ಕೂ ಜ್ಞಾನವನ್ನು ಅಂಜನ ಹಚ್ಚುವ ಶಲಾಕೆಗೂ ಹೋಲಿಸುವಾಗ ಕಣ್ಣಿನ ಆಸ್ಪತ್ರೆಯ ಹೊಸಿಲಲ್ಲಿ ನಿಂತಿದ್ದೇವೆಂಬುದನ್ನು ಮರೆತಿರುತ್ತಾರೆ. ಆ ಶಲಾಕೆ ತದ್ಭವವಾಗಿ ಕನ್ನಡಕ್ಕೆ ಬಂದು ಏನಾಯಿತು ನೋಡಿ: ಸಲಾಕೆ! ಕಿಟಕಿಯ ಕಂಬಿ, ಒಲೆಯ ಕೆಂಡ ಕೆದಕುವ ಕಬ್ಬಿಣ. ಕಣ್ಣಿನ ಸೂಜಿ ಹೀಗೆ ಮೈಬೆಳೆಸಿದ್ದನ್ನು ಕಂಡರೆ ಸುಶ್ರುತನ ಶಿಷ್ಯರು ಓಡಿಹೋದಾರು.

ಪಡುವಣದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಅರಬ್ಬೀ ವೈದ್ಯರಿಗೆ ಇದು ಕಣ್ಣಿಗೆ ಇಳಿದ ನೀರು. ತಲೆಯಿಂದ ಕೆಟ್ಟ ದ್ರವ ಇಳಿದು ಪಾಪೆಯ ಹಿಂದೆ ಹೆಪ್ಪುಗಟ್ಟುತ್ತದೆಂದು ಅವರ ತಿಳಿವಳಿಕೆ. ಹನ್ನೊಂದನೆಯ ಶತಮಾನದಲ್ಲಿ ಅವರ ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದ ಆಫ್ರಿಕಾದ ಕಾನ್‌ಸ್ಟಂಟೈನ್ ಈ ಇಳಿನೀರಿಗೆ ಜಲಪಾತದ ಮಾತನ್ನೇ ಹಾಕಿದ, ಅದೇ ಇಂದಿನ ಕ್ಯಾಟರ್ಯಾಕ್ಟ್. ಅಲ್ಲಿ ಜೋಗ, ಇಲ್ಲಿ ಹಾವಿನ ಪೊರೆ, ಮರಾಠಿಯಲ್ಲಿ ಮುತ್ತು, ರೋಗ ಒಂದೇ. ೧೭೪೭ರಲ್ಲಿ ಫ್ರಾನ್ಸಿನ ಝಾಕ್ ದಾವಿಯೆಲ್ ಮಬ್ಬಾದ ಮಸೂರವನ್ನು ಪಕ್ಕಕ್ಕೆ ದೂಡದೆ ಹೊರಗೇ ತೆಗೆದ. ೧೯೪೯ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ, ಯುದ್ಧವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರು ಪೈಲಟ್ಟುಗಳ ಕಣ್ಣಿನೊಳಗೆ ಹೊಕ್ಕರೂ ಕಣ್ಣು ಕೆರಳದೆ ಇದ್ದುದನ್ನು ಗಮನಿಸಿ, ಅಂಥದೇ ವಸ್ತುವಿನಿಂದ ಕೃತಕ ಮಸೂರ ಮಾಡಿ ಒಳಗೆ ಕೂರಿಸಿದ. ನಮ್ಮ ನಾಡಿನಲ್ಲಿ ಪೊರೆ ತೆಗೆಸುವುದೆಂಬ ಮಾತು ಮನೆಮನೆಯದಾದದ್ದು ಡಾ. ಎಂ.ಸಿ. ಮೋದಿಯವರಂಥವರ ಕಣ್ಣಿನ ಶಿಬಿರಗಳಿಂದ. ಸಾಲಾಗಿ ಮಲಗಿದವರು, ಹಸಿರು ಬಟ್ಟೆಯ ಪಟ್ಟಿ, ವಾರ ಕಳೆದ ಮೇಲೆ ಸೋಡಾಬುಡ್ಡಿ ಕನ್ನಡಕ. ಆ ಕಾಲದ ಪೊರೆಗೆ ಒಂದು ಹದವಿತ್ತು. ಪೂರ್ತಿ ಗಟ್ಟಿಯಾದ ಮೇಲೇ ಅದನ್ನು ಇಡಿಯಾಗಿ ತೆಗೆಯುವುದು ಸುಲಭವಾದ್ದರಿಂದ ಪೊರೆ ಬಲಿಯಬೇಕು, ಮಾಗಬೇಕು, ಹಣ್ಣಾಗಬೇಕು ಎನ್ನುತ್ತಿದ್ದರು, ಹಲಸಿನ ಕಾಯಿಯ ವಿಷಯ ಮಾತಾಡುವಂತೆ. ಶಸ್ತ್ರವಿದ್ಯೆ ಬದಲಾಗಿ ದಶಕಗಳು ಕಳೆದವು, ಹಣ್ಣಾಗುವವರೆಗೆ ಕಾಯುವ ಅಗತ್ಯ ಹೋಯಿತು. ಮಾತು ಮಾತ್ರ ಹೋಗಲಿಲ್ಲ. ಮಾತು ಯಾವಾಗಲೂ ಬಂಡಿಯ ಹಿಂದೆ ನಡೆದುಬರುವ ನಾಯಿ.

ಬಲಿಯಲಿ ಎಂಬ ಈ ಒಂದು ಕ್ರಿಯಾಪದ ಮುದುಕರಿಗೆ ಮಾಡುವುದಕ್ಕಿಂತ ಹೆಚ್ಚಿನ ಕೆಡುಕನ್ನು ಕೂಸಿಗೆ ಮಾಡುತ್ತದೆ. ಅದರ ಜೊತೆಗೆ ಇನ್ನೊಂದು ಮಾತು ಸೇರಿದರಂತೂ ಮುಗಿಯಿತು: ಹುಟ್ಟು. ಹುಟ್ಟುಗುರುಡು, ಹುಟ್ಟುಕಿವುಡು, ಹುಟ್ಟುಮಚ್ಚೆ. ಸಂಸ್ಕೃತದಲ್ಲಿ ಜನ್ಮಾಂಧ, ಜಾತ್ಯಂಧ. ಸಮಾಸದ ಮೊದಲಿಗೆ ಹುಟ್ಟು ಬಂದು ಕೂತರೆ ನಮ್ಮ ಕಿವಿಗೆ ಅದು ಕಾಲವಾಚಕವಾಗಿ ಉಳಿಯುವುದಿಲ್ಲ, ತೀರ್ಪಾಗಿಬಿಡುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯ ಬೂದಿ ಅದಕ್ಕೆ ಮೆತ್ತಿಕೊಂಡಿದೆ. ಹೀಗೆ 'ಹುಟ್ಟುಪೊರೆ' ಎಂದಾಗ ಒಂದು ಮಾತು ಏನೂ ಮಾಡಲಾಗದು ಎನ್ನುತ್ತದೆ, ಇನ್ನೊಂದು ಮಾತು ಏನೂ ಅವಸರವಿಲ್ಲ ಎನ್ನುತ್ತದೆ. ನಿಜ ಎರಡಕ್ಕೂ ತಿರುಗುಮುರುಗು. ಮಾಡಲಾಗುತ್ತದೆ, ಅವಸರವೂ ಇದೆ. ಪಾಪೆಯನ್ನು ಮುಚ್ಚುವಷ್ಟು ದಟ್ಟವಾದ ಪೊರೆ ಒಂದೇ ಕಣ್ಣಿಗೆ ಇದ್ದರೆ ಹೆಚ್ಚುಕಡಿಮೆ ೬ ವಾರದೊಳಗೆ, ಎರಡೂ ಕಣ್ಣಿಗಿದ್ದರೆ ಸುಮಾರು ೮ ವಾರದೊಳಗೆ ತೆಗೆದರೆ ಒಳ್ಳೆಯದೆಂದು ಮಕ್ಕಳ ಕಣ್ಣಿನ ವೈದ್ಯರ ಲೆಕ್ಕ. ೪ ವಾರಕ್ಕೂ ಮುಂಚೆ ಕೈ ಹಾಕಿದರೆ ಮುಂದೆ ಗ್ಲಾಕೋಮ ಬರುವ ಭಯ ಹೆಚ್ಚೆಂದು ಅಲ್ಲಿಯವರೆಗೆ ತಡೆಯುವವರೂ ಇದ್ದಾರೆ. ಎಂದರೆ ಬಾಣಂತಿ ಇನ್ನೂ ತವರಿನಲ್ಲಿರುವಾಗ, ಕೂಸಿನ ನಾಮಕರಣದ ಬೆಲ್ಲ ಇನ್ನೂ ಡಬ್ಬಿಯಲ್ಲಿರುವಾಗ ಮುಗಿಯಬೇಕಾದ ಕೆಲಸ. ಎಲ್ಲ ಹುಟ್ಟುಪೊರೆಯೂ ಹೀಗಲ್ಲ. ಸಣ್ಣ ಚುಕ್ಕೆಯಂಥವು, ಬದಿಗಿರುವಂಥವು ನೋಟಕ್ಕೆ ಅಡ್ಡ ಬಾರದಿದ್ದರೆ ಅವನ್ನು ಬರಿದೇ ಗಮನಿಸುತ್ತ ಹೋಗುತ್ತಾರೆ.

ಪತ್ತೆ ಹಚ್ಚುವುದು ಹೇಗೆಂಬಲ್ಲಿ ನನಗೆ ಪ್ರಿಯವಾದ ಇನ್ನೊಂದು ಪದ ಕಾದಿದೆ. ಕಣ್ಣಪಾಪೆ. ಪಾಪೆ ಎಂದರೆ ಬೊಂಬೆ, ಪಾಪ ಎಂದರೆ ಕೂಸು. ಎದುರಿನವರ ಕಣ್ಣಿನ ಕಪ್ಪಿನಲ್ಲಿ ಕಾಣುವ ನಮ್ಮದೇ ಪುಟ್ಟ ಪ್ರತಿಬಿಂಬವನ್ನು ಕಂಡು ಇಟ್ಟ ಹೆಸರಿದು; ಲ್ಯಾಟಿನ್ನರ ಪ್ಯೂಪಿಲ್ಲಾ ಕೂಡ ಪುಟ್ಟ ಬೊಂಬೆ, ಗ್ರೀಕರ ಕೋರೆ ಹುಡುಗಿ, ಸಂಸ್ಕೃತದ ಕನೀನಿಕೆಯೂ ಕಿರುಹುಡುಗಿಯೇ. ಕೂಸು ಹುಟ್ಟಿದ ದಿನಗಳಲ್ಲೇ ವೈದ್ಯರು ಕೋಣೆಯ ದೀಪ ತಗ್ಗಿಸಿ, ಕೈಯಲ್ಲಿ ಹಿಡಿದ ಪುಟ್ಟ ಉಪಕರಣದ ಬೆಳಕನ್ನು ಈ ಪಾಪೆಯೊಳಗೆ ಬಿಟ್ಟು ನೋಡುತ್ತಾರೆ. ಹಾದಿ ತಿಳಿಯಾಗಿದ್ದರೆ ಬೆಳಕು ಒಳಗಿನ ಅಕ್ಷಿಪಟಲದವರೆಗೆ ಹೋಗಿ ಕೆಂಡದ ಬಣ್ಣ ಹೊತ್ತು ಹಿಂದಿರುಗುತ್ತದೆ, ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಕಣ್ಣು ಕೆಂಪಗೆ ಬಂದು 'ರಾಕ್ಷಸನ ಹಾಗಿದೆ' ಎಂದು ನಾವು ಎಸೆಯುತ್ತಿದ್ದೆವಲ್ಲ, ಅದೇ ಕೆಂಪು. ಪೊರೆಯಿದ್ದರೆ ಕೆಂಪಿನ ಬದಲು ಕಪ್ಪು ನೆರಳು, ಇಲ್ಲವೇ ಪಾಪೆಯೇ ಬೆಳ್ಳಗೆ. ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತದೆ ಎಂದು ತಾಯಂದಿರು ಹೇಳುವುದುಂಟು. ಆ ಬಿಳಿಪು ಪೊರೆಯದೇ ಆಗಬೇಕೆಂದಿಲ್ಲ, ಅಕ್ಷಿಪಟಲದ ಕ್ಯಾನ್ಸರಿನದೂ ಆಗಬಹುದಾದ್ದರಿಂದ ಬಿಳಿ ಪಾಪೆ ಕಂಡ ಕೂಸನ್ನು ಮರುದಿನವೇ ಎತ್ತಿಕೊಂಡು ಹೋಗಬೇಕು.

ಹುಟ್ಟುಪೊರೆ ಬರಲು ಕಾರಣಗಳು ಹಲವು. ಕೆಲವು ಮನೆತನದಲ್ಲೇ ಹರಿದುಬರುತ್ತವೆ. ಕೆಲವಕ್ಕೆ ಹಾಲಿನ ಸಕ್ಕರೆಯನ್ನು ಅರಗಿಸಿಕೊಳ್ಳಲಾರದ ದೇಹದೋಷ ಕಾರಣ, ಅದನ್ನು ಬೇಗ ಕಂಡುಹಿಡಿದು ಹಾಲು ನಿಲ್ಲಿಸಿದರೆ ಪೊರೆ ತಾನಾಗಿ ತಿಳಿಯಾಗುವುದೂ ಉಂಟು. ಇನ್ನು ಕೆಲವಕ್ಕೆ ಕಾರಣ ಸಿಕ್ಕ ಕಥೆಯೇ ಸಿಡ್ನಿಯದು. ೧೯೪೧ರಲ್ಲಿ ಅಲ್ಲಿನ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್, ಒಮ್ಮೆಲೇ ಇಷ್ಟೊಂದು ಕೂಸುಗಳು ಮುತ್ತುಗಣ್ಣಿನಲ್ಲಿ ಏಕೆ ಹುಟ್ಟುತ್ತಿವೆಯೆಂದು ತಾಯಂದಿರನ್ನು ಕೇಳುತ್ತ ಹೋದರು. ೭೮ ಕೂಸುಗಳ ಕಥೆ ಕೂಡಿಸಿದಾಗ ಬಹುಪಾಲು ತಾಯಂದಿರಿಗೆ ಬಸಿರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದುಹೋಗಿತ್ತು, ಮೂರು ದಿನದ ಜ್ವರ, ಮೈಮೇಲೆ ಸಣ್ಣ ಗುಳ್ಳೆ, ಮರೆತೇಹೋಗುವಂಥದು. ಬಸಿರಿನಲ್ಲಿದ್ದ ಮಸೂರ ಮರೆತಿರಲಿಲ್ಲ. ೨೦೧೭ರ ಫೆಬ್ರವರಿಯಲ್ಲಿ ನಮ್ಮ ಶಾಲೆಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿದರಲ್ಲ, ದೇಶದಲ್ಲಿ ಆ ಅಭಿಯಾನ ಮೊದಲು ಶುರುವಾದ ಕೆಲವೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಅಂದು ತೋಳು ಉಜ್ಜಿಕೊಂಡು ಅತ್ತ ಹುಡುಗಿಯರು ಮುಂದೆ ಹೆರುವ ಕೂಸುಗಳ ಕಣ್ಣಿಗೂ ಅದು ಮದ್ದು.

ಅವಸರ ಏಕೆಂಬುದಕ್ಕೆ ಉತ್ತರ ಕನ್ನಡದ ಎರಡು ಕ್ರಿಯಾಪದಗಳಲ್ಲಿದೆ. ಕಣ್ ಇದ್ದಲ್ಲಿ ಕಾಣ್. ಕಾಣು ಎಂಬುದು ಕಣ್ಣಿನ ಸ್ವಂತ ಮಗಳು. ನೋಡು ಎಂಬುದು ಬೇರೆ ಮನೆಯವಳು. ಕಾಣುವುದಕ್ಕೆ ನಾವು ಏನೂ ಮಾಡಬೇಕಿಲ್ಲ, ಬೆಟ್ಟ ಕಾಣುತ್ತದೆ, ಕಾಣಿಸುತ್ತದೆ, ನೋಡುವುದಕ್ಕೆ ನೋಡಬೇಕು. ನೋಡಿದೆ, ಕಾಣಲಿಲ್ಲ ಎಂದು ಹೇಳಿದರೆ ಕನ್ನಡದಲ್ಲಿ ಪೂರ್ಣಾರ್ಥ. ಪೊರೆ ತೆಗೆದ ಕಣ್ಣಿಗೆ ಕಾಣುವುದು ಒದಗುತ್ತದೆ. ನೋಡುವುದನ್ನು ಮಿದುಳು ಕಲಿಯಬೇಕು, ಅದು ಕಲಿಯುವ ಹೊತ್ತು ಬದುಕಿನ ಮೊದಲ ತಿಂಗಳುಗಳು, ವರ್ಷಗಳು. ಬೆಕ್ಕಿನ ಮರಿಯ ಒಂದು ಕಣ್ಣನ್ನು ಕೆಲವು ವಾರ ಮುಚ್ಚಿಟ್ಟು ಬಿಚ್ಚಿದರೆ ಕಣ್ಣು ಚೆನ್ನಾಗಿಯೇ ಇದ್ದರೂ ಮಿದುಳು ಅದರ ಮಾತು ಕೇಳದೆಂದು ತೋರಿಸಿದ ಹ್ಯೂಬೆಲ್ ಮತ್ತು ವೀಸೆಲ್ ೧೯೮೧ರಲ್ಲಿ ನೊಬೆಲ್ ಪಡೆದರು. ಕಣ್ಣು ಬಂದ ಹುಟ್ಟುಗುರುಡ, ಮುಟ್ಟಿ ಬಲ್ಲ ಗೋಲಿಯನ್ನೂ ಘನವನ್ನೂ ಬರಿಯ ನೋಟದಿಂದ ಬೇರೆಬೇರೆಯೆಂದು ಗುರುತಿಸಬಲ್ಲನೇ ಎಂದು ೧೬೮೮ರಲ್ಲಿ ಐರ್ಲೆಂಡಿನ ಮಾಲಿನ್ಯೂ, ತತ್ತ್ವಜ್ಞಾನಿ ಲಾಕ್‌ಗೆ ಕಾಗದ ಬರೆದು ಕೇಳಿದ್ದ. ಉತ್ತರದ ಹತ್ತಿರಕ್ಕೆ ಹೋದವರು ನಮ್ಮ ದೇಶದ ಮಕ್ಕಳೇ: ಪವನ್ ಸಿನ್ಹಾ ಅವರ ಪ್ರಕಾಶ್ ಯೋಜನೆಯಲ್ಲಿ ತಡವಾಗಿ ಕಣ್ಣು ಪಡೆದವರು. ೨೦೧೧ರ ವರದಿಯಂತೆ, ಕೈ ಬಲ್ಲದ್ದನ್ನು ಅವರ ಕಣ್ಣು ಒಡನೆಯೇ ಗುರುತಿಸಲಿಲ್ಲ, ಆದರೆ ಕೆಲವೇ ದಿನಗಳಲ್ಲಿ ಕಲಿಯಿತು. ತಡವಾದರೂ ಪೂರ್ತಿ ಮುಚ್ಚುವ ಬಾಗಿಲಲ್ಲ ಅದು; ಆದರೆ ಸೂಕ್ಷ್ಮನೋಟ ಅಂಥವರಿಗೆ ಪೂರ್ತಿ ದಕ್ಕುವುದಿಲ್ಲ.

ಹಾಗೆಂದು ತೆಗೆದರೆ ಮುಗಿಯಿತೆಂದಲ್ಲ. ಎಳೆಯ ಕಣ್ಣಿನಲ್ಲಿ ಮಸೂರದ ಹಿಂದಿನ ಚೀಲ ಬೇಗ ಮತ್ತೆ ಮಬ್ಬಾಗುವುದರಿಂದ ಅದಕ್ಕೂ ಕಿಂಡಿ ಮಾಡುತ್ತಾರೆ. ಆರು ತಿಂಗಳೊಳಗಿನ ಕೂಸಿಗೆ ಕೃತಕ ಮಸೂರ ಹಾಕುವುದೋ ಬಿಡುವುದೋ ಎಂದು ಅಮೆರಿಕದಲ್ಲಿ ಒಂದೇ ಕಣ್ಣಿನ ಪೊರೆಯ ೧೧೪ ಕೂಸುಗಳ ಮೇಲೆ ನಡೆದ ಅಧ್ಯಯನದಲ್ಲಿ, ನಾಲ್ಕೂವರೆ ವರ್ಷದ ಹೊತ್ತಿಗೆ ನೋಟ ಎರಡು ಗುಂಪಿನಲ್ಲೂ ಒಂದೇ ಆಗಿ, ಮಸೂರ ಹಾಕಿದವರಿಗೆ ಮತ್ತೆ ಮತ್ತೆ ಶಸ್ತ್ರಕ್ರಿಯೆ ಬೇಕಾದದ್ದು ಹೆಚ್ಚಾಯಿತು. ಆದ್ದರಿಂದ ಎಷ್ಟೋ ಕೂಸುಗಳಿಗೆ ಕಾಂಟ್ಯಾಕ್ಟ್ ಲೆನ್ಸು, ಇಲ್ಲವೇ ಸೋಡಾಬುಡ್ಡಿ ಕನ್ನಡಕ; ಅದರ ಮೇಲೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಇಷ್ಟು ಹೊತ್ತೆಂದು ಪಟ್ಟಿ. ಶಸ್ತ್ರಕ್ರಿಯೆ ಒಂದು ಗಂಟೆಯದು, ಈ ಪಟ್ಟಿಯ ಕೆಲಸ ವರ್ಷಗಟ್ಟಲೆಯದು, ಅದನ್ನು ಮಾಡುವವರು ವೈದ್ಯರಲ್ಲ, ಮನೆಯವರು. ಎರಡನೆಯ ಪೊರೆ, ಆ ಕ್ರಿಯಾಪದ, ಇಲ್ಲಿ ಬಂದು ಮೂರನೆಯದರ ಪಕ್ಕ ಕೂರುತ್ತದೆ. ಮೊದಲನೆಯದು, ಹೊರೆಯಾದದ್ದು, ಆಸ್ಪತ್ರೆಯ ಬಸ್ಸು ಹಿಡಿಯುವ ದಿನಗಳಲ್ಲಿ ಬರುತ್ತದೆ.

ಈ ವರ್ಷ ಅದೇ ಬೆಂಚು. ಈ ಸಲ ನನಗಿನ್ನೂ ಹನಿ ಬಿಟ್ಟಿರಲಿಲ್ಲ. ಪಕ್ಕದಲ್ಲಿ ಬಂದು ಕೂತ ಅಜ್ಜಿಯ ತೊಡೆಯ ಮೇಲೆ ವರ್ಷ ತುಂಬಿರಬಹುದಾದ ಮಗು, ತಲೆಯ ಹಿಂದೆ ಎಲಾಸ್ಟಿಕ್ ಕಟ್ಟಿ ನಿಲ್ಲಿಸಿದ ದಪ್ಪ ಗಾಜಿನ ಕನ್ನಡಕ, ಒಂದು ಕಣ್ಣಿಗೆ ಮೈಬಣ್ಣದ ಅಂಟುಪಟ್ಟಿ. ದನಿ ಗುರುತಾಯಿತು.

"ಆ ಕಣ್ಣಿಗೆ ಏನಾಯ್ತಜ್ಜಿ?" ಎಂದೆ.

"ಆ ಕಣ್ಣಿಗೇನೂ ಆಗಿಲ್ಲ ಸ್ವಾಮಿ, ಅದು ಒಳ್ಳೇದು. ಪೊರೆ ತೆಗೆಸಿದ್ದು ಈ ಕಡೇದು. ಒಳ್ಳೇದಕ್ಕೆ ಸುಳ್ಳುಪೊರೆ ಹಾಕಿದೀವಿ, ಈ ಸೋಂಬೇರಿ ಕೆಲಸ ಕಲೀಲಿ ಅಂತ."

ಮಗು ಅಷ್ಟರಲ್ಲಿ ತೋರುಬೆರಳಿನ ಉಗುರನ್ನು ಪಟ್ಟಿಯ ಅಂಚಿಗೆ ಹಾಕಿ, ಸುಲಿದು, ಬೆರಳಿಗೆ ಅಂಟಿದ್ದನ್ನು ನೋಡತೊಡಗಿತು. ಅಜ್ಜಿ ಸೆರಗಿನ ಗಂಟಿನಿಂದ ಇನ್ನೊಂದು ಪಟ್ಟಿ ತೆಗೆದು, ಹಿಂದಿನ ಕಾಗದ ಕೀಳುತ್ತ, "ಹಾವಿನ ಮರಿ ಸ್ವಾಮಿ ಇದು, ದಿನಾ ನಾಕು ಪೊರೆ ಬಿಡುತ್ತೆ" ಎಂದರು.

ನನ್ನ ಜೇಬಿನಲ್ಲಿ ಚೀಟಿ ಇದ್ದೇ ಇರುತ್ತದೆ. ಬರೆದುಕೊಂಡೆ: ಸುಳ್ಳುಪೊರೆ, ನಾಮಪದ, ಒಳ್ಳೆಯ ಕಣ್ಣಿಗೆ ಕಟ್ಟುವ ಪಟ್ಟಿ, ಪ್ರಯೋಗ, ಆಸ್ಪತ್ರೆಯ ಬೆಂಚು, ಹೇಳಿದವರು, ಕೂಸಿನ ಅಜ್ಜಿ. ಅಷ್ಟರಲ್ಲಿ ನರ್ಸು ಬಂದು ತಲೆ ಹಿಂದಕ್ಕೆ ವಾಲಿಸಲು ಹೇಳಿದಳು.